ಕಾಟಾದ ಕಂಪ್ಯೂಟರ್ ಏಳದ ಆರು ದಿನ

ಶ್ರೀ ಪಂಪಾ ವಿರೂಪಾಕ್ಷ ಪ್ರಸನ್ನ

ಯಶವಂತನಗರ,
ಸಂಡೂರು ತಾಲೂಕು.
10-10-2025, ಶುಕ್ರವಾರ

ಮಗನೇ ಶಂಭುಲಿಂಗಾ,

'ಪ್ರೀತಿಯ' ಎಂದು ಬರೆಯಲು ಪೆನ್ನು ಎತ್ತಿದೆ, ಕೈ ಬರಲಿಲ್ಲ. ಅದಕ್ಕೇ ಬರೀ ಮಗನೇ ಎಂದಿದ್ದೇನೆ, ಅದನ್ನು ನಾನೂ ಅಳಿಸಲಾರೆ ನೀನೂ ಅಳಿಸಲಾರೆ. ಆರೋಗ್ಯ ಹೇಗಿದೆ? ಬರ್ಬಿಲ್‌ನ ಗಣಿ ಧೂಳಿಗೆ ಕೆಮ್ಮು ಹೆಚ್ಚಾಗಿದೆ ಎಂದು ಹೋದ ತಿಂಗಳು ನೀನೇ ಹೇಳಿದ್ದೆ. ನಾನು ಕಟ್ಟಿ ಕೊಟ್ಟ ಹಿಪ್ಪಲಿ ಪುಡಿ ಡಬ್ಬಿಯಲ್ಲೇ ಇದೆಯೋ, ಜೇನಿನಲ್ಲಿ ಕಲಸಿ ತಿನ್ನುತ್ತಿದ್ದೀಯೋ ಗೊತ್ತಿಲ್ಲ. ತಿನ್ನು. ನನ್ನ ಸಿಟ್ಟು ಬೇರೆ, ನಿನ್ನ ಕೆಮ್ಮು ಬೇರೆ. ಮೆಸ್ಸಿನ ಅನ್ನ ಸೇರುವುದಿಲ್ಲ ಎಂದು ಉಪವಾಸ ಮಲಗಬೇಡ. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಬರೆಯುವುದಿಲ್ಲ. ನಿಮ್ಮಪ್ಪನಿಗೆ ಮೊಣಕಾಲು ನೋವು ಇದ್ದಲ್ಲೇ ಇದೆ, ನನಗೆ ರಕ್ತದೊತ್ತಡದ ಗುಳಿಗೆ ಒಂದಿದ್ದದ್ದು ಎರಡಾಗಿದೆ, ಮೂರನೆಯವಳು, ನಿನ್ನ ಹೆಂಡತಿ, ಮನೆಯಲ್ಲಿಲ್ಲ. ಇಂಥದಕ್ಕೆ ಕ್ಷೇಮ ಎಂಬ ಅಕ್ಷರ ಬರೆದರೆ ದೇವರು ಮೆಚ್ಚುವುದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಮೂರು ಸಲ ಹೇಳಲು ಹೋದೆ, ಮೂರೂ ಸಲ ನೀನು "ಕಾಟಾದ ಸುದ್ದಿ ಬಿಡವ್ವಾ, ನಿನಗ ತಿಳಿಯಂಗಿಲ್ಲ" ಎಂದು ಕತ್ತರಿಸಿದೆ. ಪತ್ರವನ್ನು ನಡುವೆ ಕತ್ತರಿಸಲು ಬರುವುದಿಲ್ಲ, ಬೇಕಾದರೆ ಹರಿದು ಹಾಕು, ಆದರೆ ಓದಿಯೇ ಹರಿ. ಚೋರನೂರಿನ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತ ಅಕ್ಷರ ನನ್ನದು, ತಪ್ಪಿದ್ದರೆ ತಿದ್ದಿಕೊ. ವಿಷಯದಲ್ಲಿ ತಪ್ಪಿಲ್ಲ.

ಆಯುಧ ಪೂಜೆಯ ದಿನದಿಂದ ಬರೆಯುತ್ತೇನೆ, ಏಕೆಂದರೆ ನೀನು ಕೇಳಿಸಿಕೊಂಡದ್ದು ಬಾಲವನ್ನು ಮಾತ್ರ. ದುಡಿಯುವ ವಸ್ತುವಿಗೆ ವರ್ಷಕ್ಕೊಂದು ದಿನ ವಿಶ್ರಾಂತಿ ಕೊಡುವುದು ನಮ್ಮ ಮನೆಯಲ್ಲಿ ನಿಮ್ಮಜ್ಜನ ಕಾಲದಿಂದ ನಡೆದು ಬಂದದ್ದು. ಆಗ ಕೂರಿಗೆ ತೊಳೆದಿಡುತ್ತಿದ್ದೆವು. ಆಮೇಲೆ ರಸ್ತೆ ಬದಿಗೆ ಲಾರಿ ತೂಗುವ ಕಾಟಾ ಹಾಕಿದಾಗ ಅದರ ಕಬ್ಬಿಣದ ಹಾಸನ್ನು ತೊಳೆದೆವು. ನೀನು ಅದಕ್ಕೆ ಕಂಪ್ಯೂಟರ್ ಜೋಡಿಸಿ, ವೈರಸ್ ಬರುವುದಿಲ್ಲ ಎಂದು ಲಿನಕ್ಸ್ ಹಾಕಿಕೊಟ್ಟ ಮೇಲೆ ಅದನ್ನೂ ಒರೆಸಿ ವಿಭೂತಿ ಹಚ್ಚುತ್ತಾ ಬಂದೆವು. ಓಡುತ್ತಿರುವ ಯಂತ್ರಕ್ಕೆ ಪೂಜೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ, ನಿಲ್ಲಿಸಿಯೇ ಮಾಡಬೇಕು. ಹೋದ ವರ್ಷವೂ ನವಮಿಗೆ ಆರಿಸಿದ್ದೆವು, ದಶಮಿಯ ಬೆಳಿಗ್ಗೆ ಕಾಯಿ ಒಡೆದು ಗುಂಡಿ ಒತ್ತಿದರೆ ಎದ್ದಿತ್ತು. ಈ ವರ್ಷ ಮಾತ್ರ ಅದರ ಹಣೆಯ ಮೇಲೆ ನಿನ್ನ ಚೀಟಿ ಇತ್ತು, 'ಯಾವ ಕಾರಣಕ್ಕೂ ಆಫ್ ಮಾಡಬಾರದು' ಎಂದು ಕೆಂಪು ಪೆನ್ನಿನಲ್ಲಿ. ಸೌಜನ್ಯ ಒದ್ದೆ ಬಟ್ಟೆ ಹಿಡಿದು ನಿಂತವಳು ಅದನ್ನು ನನಗೆ ತೋರಿಸಿದಳು. "ಅತ್ತೀ, ಅವರು ಬ್ಯಾಡ ಅಂತ ಬರದು ಹಚ್ಯಾರ. ಹಂಗ ಮ್ಯಾಲಿಂದ ಮ್ಯಾಲ ಒರಸ್ಲೇನು?" ಎಂದು ಕೇಳಿದಳು. ನಾನು "ದೇವರಿಗೆ ಚೀಟಿ ಓದಾಕ ಬರಂಗಿಲ್ಲ, ಆರಸು" ಎಂದೆ. ಅವಳು ಪರದೆಯ ಮೇಲೆ ಹೇಗೆ ಆರಿಸಬೇಕೋ ಹಾಗೆಯೇ ಕ್ರಮವಾಗಿ ಆರಿಸಿದಳು, ತಂತಿ ಕಿತ್ತು ಎಳೆಯಲಿಲ್ಲ. ಬೆರಳು ಅವಳದು, ಹುಕುಂ ನನ್ನದು. ಇದನ್ನು ಮೊದಲು ತಲೆಯಲ್ಲಿ ಇಟ್ಟುಕೊಂಡು ಮುಂದೆ ಓದು.

ದಶಮಿಯ ಬೆಳಿಗ್ಗೆ ಗುಂಡಿ ಒತ್ತಿದಳು. ಕಂಪನಿಯ ಹೆಸರು ಬಂತು, ಹೋಯಿತು. ಕಪ್ಪಾಯಿತು. ಆಮೇಲೆ ಬಿಳಿ ಇಂಗ್ಲಿಷ್ ಅಕ್ಷರಗಳು ಸಾಲುಸಾಲಾಗಿ ಇಳಿದು ಬಂದು ಒಂದು ಕಡೆ ನಿಂತವು. ನಿಂತದ್ದು ನಿಂತೇ ಬಿಟ್ಟವು. ಇನ್ನೊಮ್ಮೆ ಒತ್ತಿದರೂ ಅದೇ ಜಾಗಕ್ಕೆ ಬಂದು ನಿಂತವು. ಹೊರಗೆ ಕಾಟಾದ ಮೇಲೆ ಗವಿಸಿದ್ದಪ್ಪನ ಮೆಕ್ಕೆಜೋಳದ ಲಾರಿ, ಅದರ ಹಿಂದೆ ಇನ್ನೂ ನಾಲ್ಕು. ಅವಳೇ ನಿನಗೆ ಫೋನ್ ಹಚ್ಚಿದಳು, ಎರಡೂ ಕೈ ಕೆಲಸಕ್ಕೆ ಬೇಕಲ್ಲ ಎಂದು ಸ್ಪೀಕರ್ ಹಾಕಿ ಪ್ರಿಂಟರ್ ಮೇಲೆ ಇಟ್ಟಳು. ಕಿಟಕಿಯಲ್ಲಿ ಡ್ರೈವರುಗಳು ನಿಂತಿದ್ದಾರೆ ಎಂದೂ ನಿನಗೆ ಹೇಳಿದಳು. ನೀನು ಪರದೆಯ ಮೇಲೆ ಏನು ಬರೆದಿದೆ ಎಂದು ಕೂಡ ಕೇಳಲಿಲ್ಲ. "ಆರಿಸಾಕ ನಿನಗ ಯಾರ ಹೇಳಿದ್ರು? ನೀ ಕೈ ಇಟ್ಟಲ್ಲೆಲ್ಲ ಹಾಳು. ದೀಪಾವಳಿಗೆ ನಾ ಬಂದು ಸರಿ ಮಾಡೂತನಕ ನಿಮ್ಮಪ್ಪನ ಮನ್ಯಾಗ ಹೋಗಿ ಕುಂದ್ರು" ಎಂದೆ. ಯಾರು ಹೇಳಿದರು ಎಂದು ನೀನು ಕೇಳಿದಾಗ ಅವಳು ನನ್ನ ಕಡೆ ನೋಡಿದಳು. ನಾನು ಸೆರಗು ಸರಿಮಾಡಿಕೊಂಡು ದೀಪಕ್ಕೆ ಎಣ್ಣೆ ಹಾಕಲು ತಿರುಗಿದೆ. ದೀಪದ ತುಂಬ ಎಣ್ಣೆ ಇತ್ತು ಮಾರಾಯಾ. ಅವಳು ನನ್ನ ಹೆಸರು ಹೇಳಲಿಲ್ಲ.

ಕಿಟಕಿಯಾಚೆಯಿಂದ ಗವಿಸಿದ್ದಪ್ಪ "ಕೈಗುಣ ಚಲೋ ಇಲ್ಲ ಬಿಡ್ರಿ" ಎಂದ. ಅವನು ಕೆಟ್ಟವನಲ್ಲ, ಬಾಯಿಗೆ ಬಂದದ್ದು ಅನ್ನುವವನು. ಆದರೆ ಆ ಮಾತು ಲಾರಿ ಹತ್ತಿ ಹೋಯಿತು. ಸಂಜೆಯೊಳಗೆ ಸಂಡೂರಿನ ಕಿರಾಣಿ ಅಂಗಡಿಯಲ್ಲಿ ಒಬ್ಬಳು ನನ್ನನ್ನು "ನಿಮ್ಮ ಸೊಸಿ ಮುಟ್ಟಿದ ಮಷೀನು ಕೆಡತಾವಂತಲ್ಲ" ಎಂದು ಕೇಳಿದಳು. ಮದುವೆಯಾಗಿ ಎರಡು ವರ್ಷ ಆಗಿಲ್ಲ, ಆ ಹುಡುಗಿಯ ಮೇಲೆ ಈ ಮಾತು ಒಮ್ಮೆ ಕೂತರೆ ಮುಂದೆ ಹಾಲು ಒಡೆದರೂ ಅವಳೇ, ಆಕಳು ಕಂದು ಹಾಕಿದರೂ ಅವಳೇ. ಯಾರ ಮನೆಯ ಸೀಮಂತಕ್ಕೂ ಅವಳ ಕೈಲಿ ಕುಂಕುಮ ಇಡಿಸಿಕೊಳ್ಳುವುದಿಲ್ಲ. ಇದು ನಿನಗೆ ಗೊತ್ತಿಲ್ಲದ್ದಲ್ಲ, ಇದೇ ಊರಲ್ಲಿ ಹುಟ್ಟಿದವನು ನೀನು. ಮರುದಿನ ಕಂಪ್ಲಿಯಿಂದ ಅವಳ ಅಪ್ಪ ಜಡೆಪ್ಪನವರು ಮೋಟರ್ ಸೈಕಲ್ ಮೇಲೆ ಬಂದರು. ನೀರು ಕೊಟ್ಟರೆ ಕುಡಿದರು, ಊಟಕ್ಕೆ ಏಳಲಿಲ್ಲ. ಸೌಜನ್ಯ ಹೊರಡುವಾಗ ಅಡುಗೆ ಮನೆಯ ಡಬ್ಬಿಗಳ ಮೇಲೆ ಯಾವುದರಲ್ಲಿ ಏನಿದೆ ಎಂದು ಚೀಟಿ ಅಂಟಿಸಿ ಹೋದಳು. ಮತ್ತೆ ಬರುವವರು ಹಾಗೆ ಮಾಡುವುದಿಲ್ಲ.

ನಿನ್ನಲ್ಲಿ ಯಾಕೆ ಮುಚ್ಚಿಡಲಿ, ನಾನೂ ಎರಡು ದಿನ ಅವಳ ಕೈಯನ್ನೇ ಅನುಮಾನಿಸಿದೆ. ಪೂಜೆಗೆ ಕೂತರೆ ಲಿಂಗದ ಮೇಲೆ ದೃಷ್ಟಿ ನಿಲ್ಲುತ್ತಿರಲಿಲ್ಲ. ಹೋದ ಶ್ರಾವಣದಲ್ಲಿ ಮಿಕ್ಸಿ ಸುಟ್ಟದ್ದು, ಅದಕ್ಕೂ ಮುಂಚೆ ಗಡಿಯಾರ ನಿಂತದ್ದು, ಎಲ್ಲವನ್ನೂ ಒಂದೊಂದಾಗಿ ಅವಳ ತಲೆಗೆ ಕಟ್ಟಿದೆ. ನನ್ನ ಹುಕುಂ ಮರೆಯಲು ಅದು ಒಳ್ಳೆಯ ಉಪಾಯವಾಗಿತ್ತು.

ಶನಿವಾರ ನಿಮ್ಮಪ್ಪ ಹೊಸಪೇಟೆಯಿಂದ ಒಬ್ಬ ರಿಪೇರಿಯವನನ್ನು ಕರೆತಂದರು. ಅವನು ನಿಂತಲ್ಲೇ ನೋಡಿ, ಡಿಸ್ಕ್ ಸತ್ತಿದೆ, ಇದು ಯಾರೂ ಬಳಸದ ಲಿನಕ್ಸ್, ಎಲ್ಲ ಅಳಿಸಿ ವಿಂಡೋಸ್ ಹಾಕುತ್ತೇನೆ ಎಂದ. ನೀನು ಕಂಪ್ಯೂಟರ್ ಜೋಡಿಸಿದಂದಿನಿಂದ ತೂಗಿದ ಪ್ರತಿ ಲಾರಿಯ ತೂಕ ಅದರೊಳಗಿದೆ. ಅಲ್ಲಪ್ಪಾ, ಡಿಸ್ಕ್ ಸತ್ತಿದ್ದರೆ ಈ ಅಕ್ಷರಗಳು ಎಲ್ಲಿಂದ ಬಂದವು, ಯಾರೋ ಒಬ್ಬರು ಎದ್ದಿದ್ದಾರೆ ಅಂದ ಮೇಲಲ್ಲವೇ ಬರೆಯುವುದು ಎಂದು ಕೇಳಿದೆ. ಅವನು ನಿಮ್ಮಪ್ಪನ ಕಡೆ ತಿರುಗಿ ನಕ್ಕು "ಅಮ್ಮಾರಿಗೆ ಅಡಗಿಮನಿ ನೋಡಾಕ ಹೇಳ್ರಿ" ಎಂದ. ನಿನ್ನ ಮಾತಿನ ಧಾಟಿಯೇ. ಅವನನ್ನು ಚಹಾ ಕುಡಿಸಿ ಕಳಿಸಿದೆ, ಯಂತ್ರ ಮುಟ್ಟಲು ಬಿಡಲಿಲ್ಲ. ಅವತ್ತೇ ನಿನಗೆ ಫೋನ್ ಮಾಡಿ ಒಳಗೆ ಹೋಗುವ ಪಾಸ್‌ವರ್ಡ್ ಕೇಳಿದೆ, ನೆನಪಿದೆಯೇ? ಯಾಕೆ ಎಂದೂ ಕೇಳದೆ ನೀನು ಫೋನ್ ಇಟ್ಟೆ.

ನನ್ನದು ಬಟನ್ ಫೋನ್, ನಿಮ್ಮಪ್ಪನ ಫೋನಿನಲ್ಲಿ ಚಿತ್ರ ತೆಗೆದರೆ ಮಂಜು. ಹಾಗಾಗಿ ಭಾನುವಾರ ಕಂಪ್ಯೂಟರ್ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಪರದೆಯ ಮೇಲಿದ್ದ ಅಕ್ಷರಗಳನ್ನು ಒಂದೊಂದೇ ನೋಡಿ ಭಜನೆಯ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಇಳಿಸಿಕೊಂಡೆ. ಅರ್ಥ ಗೊತ್ತಿಲ್ಲ, ಆಕಾರ ಗೊತ್ತು. ಚುಕ್ಕಿ, ಗೆರೆ, ಕಂಸದೊಳಗಿನ ಸೊನ್ನೆ ಒಂದನ್ನೂ ಬಿಡಲಿಲ್ಲ. ಮೂರು ತಾಸು ಹಿಡಿಯಿತು, ಕತ್ತು ಸೆಟೆಯಿತು. ಸೋಮವಾರದ ಭಜನೆಗೆ ನಮ್ಮ ಚೋರನೂರಿನ ತ್ರಿವೇಣಿ ಬರುತ್ತಾಳಲ್ಲ, ಸಂಡೂರಿನಲ್ಲಿ ಐಟಿಐ ಹುಡುಗರಿಗೆ ಕಂಪ್ಯೂಟರ್ ಕಲಿಸುವವಳು, ಮಂಗಳಾರತಿ ಮುಗಿದ ಮೇಲೆ ಅವಳ ಕೈಗೆ ನೋಟುಬುಕ್ ಕೊಟ್ಟೆ. ಅವಳು ಓದುತ್ತಾ ಓದುತ್ತಾ ಕೊನೆಯ ಸಾಲಿನ ಮೇಲೆ ಬೆರಳಿಟ್ಟು "ಡಿಸ್ಕ್ ಸತ್ತಿಲ್ರಿ ಅಮ್ಮಾ. ಕರ್ನಲ್ ಎದ್ದೈತಿ. ಬುತ್ತಿ ಸಿಕ್ಕಿಲ್ಲ ಅದಕ್ಕ" ಎಂದಳು. ಮರುದಿನ ವಾಲ್ಮೀಕಿ ಜಯಂತಿ, ಅವಳಿಗೆ ರಜೆ. ಬೆಳಿಗ್ಗೆ ಒಂಬತ್ತಕ್ಕೆ ಬಸ್ಸಿಳಿದು ಬಂದಳು.

ನಿನಗೆ ತಿಳಿಯುವುದಿಲ್ಲ ಎಂದೆಯಲ್ಲ, ಈಗ ನಾನು ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ಗುಂಡಿ ಒತ್ತಿದ ತಕ್ಷಣ ಏಳುವುದು ಬೋರ್ಡಿನೊಳಗೇ ಹುದುಗಿಸಿಟ್ಟ ಒಂದು ಸಣ್ಣ ಬುದ್ಧಿ. ನಾವು ಎದ್ದ ಕೂಡಲೇ ಕೈಕಾಲು ಆಡಿಸಿ ನೋಡುವ ಹಾಗೆ ಅದು ಕೀಬೋರ್ಡ್ ಇದೆಯೇ, ನೆನಪಿನ ಪಟ್ಟಿ ಇದೆಯೇ, ಡಿಸ್ಕ್ ಇದೆಯೇ ಎಂದು ನೋಡಿಕೊಳ್ಳುತ್ತದೆ. ಅದಕ್ಕೆ ಲಾರಿಯೂ ಗೊತ್ತಿಲ್ಲ, ಕಾಟಾವೂ ಗೊತ್ತಿಲ್ಲ. ಮುಂದಿನವನು ಡಿಸ್ಕಿನ ಯಾವ ಮೂಲೆಯಲ್ಲಿ ಮಲಗಿದ್ದಾನೆ ಎಂಬುದಷ್ಟೇ ಗೊತ್ತು, ಅವನನ್ನು ಎಬ್ಬಿಸಿ ತನ್ನ ಕೆಲಸ ಮುಗಿಸುತ್ತದೆ. ಆ ಮುಂದಿನವನ ಹೆಸರು ಗ್ರಬ್. ಅವನ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ, ಯಾವ ಕರ್ನಲ್ ಎಬ್ಬಿಸಬೇಕು ಎಂದು. ನೀನು ಏನೂ ಹೇಳದಿದ್ದರೆ ಎಲ್ಲಕ್ಕಿಂತ ಹೊಸದನ್ನು ಎಬ್ಬಿಸುತ್ತಾನೆ. ಅವನು ಎರಡು ವಸ್ತು ಎತ್ತಿ ತಂದು ನೆನಪಿನಲ್ಲಿಡುತ್ತಾನೆ, ಒಂದು ಕರ್ನಲ್, ಇನ್ನೊಂದು ಒಂದು ಗಂಟು. ಕರ್ನಲ್ ಎಂದರೆ ಮನೆಯ ಯಜಮಾನ. ಆದರೆ ಎದ್ದ ಗಳಿಗೆಯಲ್ಲಿ ಯಜಮಾನನಿಗೂ ತನ್ನ ಮನೆ ಎಲ್ಲಿದೆ ಎಂದು ತಿಳಿಯುವುದಿಲ್ಲ, ಬಾಗಿಲು ತೆಗೆಯುವ ಕೀಲಿ ಕೈಯಲ್ಲಿರುವುದಿಲ್ಲ. ಕೀಲಿ ಇರುವುದು ಆ ಗಂಟಿನಲ್ಲಿ. ಇನಿಟ್‌ರಾಮ್ ಎಂದೇನೋ ಅದರ ಹೆಸರು, ತ್ರಿವೇಣಿ ನನಗಾಗಿ ಬುತ್ತಿ ಎಂದಳು, ನಾನೂ ಹಾಗೇ ಅನ್ನುತ್ತೇನೆ. ಹುಣ್ಣಿಮೆಗೆ ಹಂಪಿಗೆ ಹೋದಾಗ ಹೊಳೆ ದಂಡೆಯಲ್ಲಿ ಬಿಡಾರ ಹಾಕುತ್ತೇವಲ್ಲ, ಹಾಗೆ ಕರ್ನಲ್ ಆ ಗಂಟನ್ನು ನೆನಪಿನಲ್ಲೇ ಬಿಚ್ಚಿ ಹರವಿ ತಾತ್ಕಾಲಿಕ ಬಿಡಾರ ಮಾಡಿಕೊಳ್ಳುತ್ತದೆ, ಅದರೊಳಗಿನ ಕೀಲಿ ತೆಗೆದುಕೊಂಡು ನಿಜವಾದ ಡಿಸ್ಕ್ ಹುಡುಕಿ ಬಾಗಿಲು ತೆಗೆಯುತ್ತದೆ, ಒಳಗೆ ಹೋದ ಮೇಲೆ ಬಿಡಾರ ಕಿತ್ತು ಹಾಕುತ್ತದೆ. ಆಮೇಲೆ ಒಂದನೇ ನಂಬರಿನ ಕೆಲಸದಾಳು ಏಳುತ್ತಾನೆ, ಅವನು ಉಳಿದವರನ್ನೆಲ್ಲ ಎಬ್ಬಿಸುತ್ತಾನೆ, ಪ್ರಿಂಟರನ್ನು, ಕಾಟಾದ ಅಂಕಿ ತೋರಿಸುವುದನ್ನು, ಎಲ್ಲವನ್ನೂ. ನಮ್ಮ ಯಂತ್ರದಲ್ಲಿ ಏನಾಗಿತ್ತು ಎಂದರೆ, ಹೊಸ ಕರ್ನಲ್ ಎದ್ದಿತ್ತು, ಅದರ ಪಕ್ಕದಲ್ಲಿ ಗಂಟು ಇರಲಿಲ್ಲ. ಬರಿಗೈಯಲ್ಲಿ ಬಾಗಿಲು ಹುಡುಕಿ, ಎಲ್ಲಿಯೂ ಸಿಗದೆ, ಗಾಬರಿಯಾಗಿದ್ದೇನೆ ಎಂದು ತಾನೇ ಬರೆದುಕೊಂಡು ನಿಂತಿತ್ತು. ಕರ್ನಲ್ ಪ್ಯಾನಿಕ್ ಎಂಬ ಆ ಎರಡು ಪದ ನಾನು ಅಕ್ಷರ ಅಕ್ಷರ ಇಳಿಸಿಕೊಂಡಿದ್ದೆ. ನಾಲ್ಕು ದಿನ ಅದು ತನ್ನ ರೋಗ ತಾನೇ ಹೇಳುತ್ತಾ ನಿಂತಿತ್ತು, ನಾವು ಹುಡುಗಿಯ ಕೈ ನೋಡುತ್ತಿದ್ದೆವು.

ತ್ರಿವೇಣಿ ನನ್ನನ್ನೇ ಕುರ್ಚಿಯ ಮೇಲೆ ಕೂರಿಸಿದಳು. ಯಂತ್ರ ಏಳುವಾಗ ಗ್ರಬ್‌ನ ಪಟ್ಟಿ ಅರ್ಧ ನಿಮಿಷ ನಿಲ್ಲುತ್ತದೆ, ಅದನ್ನು ನಾವು ಯಾರೂ ಓದಿರಲಿಲ್ಲ, ತಾನೇ ಮುಂದೆ ಹೋಗುತ್ತದೆ ಎಂದು ಬಿಟ್ಟಿದ್ದೆವು. ಬಾಣದ ಗುಂಡಿ ಒಂದು ಸಲ ಕೆಳಗೆ ಒತ್ತು ಎಂದಳು, ಒತ್ತಿದೆ. ಎರಡನೆಯ ಸಾಲಿನೊಳಗೆ ಹಳೆಯ ಕರ್ನಲ್‌ಗಳು ಸಾಲಾಗಿ ಕೂತಿದ್ದವು. ಅದರಲ್ಲಿ ಒಂದನ್ನು ಆಯ್ದು ಎಂಟರ್ ಒತ್ತಿದೆ. ವಿರೂಪಾಕ್ಷಾ ಎಂದು ಕಣ್ಣು ಮುಚ್ಚಿದೆ. ತೆರೆಯುವಷ್ಟರಲ್ಲಿ ಅಕ್ಷರಗಳು ನಿಲ್ಲುತ್ತಿದ್ದ ಜಾಗ ದಾಟಿ ಓಡುತ್ತಿದ್ದವು, ಆಮೇಲೆ ನಮ್ಮ ಕಾಟಾದ ಹಸಿರು ಅಂಕಿ ಬಂತು, ಸೊನ್ನೆ. ಹೊರಗೆ ನಿಮ್ಮಪ್ಪ ಹಾಸಿನ ಮೇಲೆ ಹೋಗಿ ನಿಂತು ಕೋಲಿನಿಂದ ಎರಡು ಸಲ ಕುಟ್ಟಿದರು. ಅಂಕಿ ಅಲುಗಾಡಿತು. ಒಂದು ಸಾಲು ಕೆಳಗೆ, ಶಂಭು. ಅಷ್ಟಕ್ಕೇ ಆರು ದಿನ ಲಾರಿಗಳು ಹೊರಗಿನಿಂದಲೇ ತಿರುಗಿ ಹೋದವು, ಅಷ್ಟಕ್ಕೇ ಒಬ್ಬಳು ಮನೆ ಬಿಟ್ಟು ಹೋದಳು.

ಇಲ್ಲಿಂದ ಮುಂದೆ ಸಾವಕಾಶ ಓದು. ಗಂಟು ಯಾಕಿರಲಿಲ್ಲ ಎಂದು ನಾನು ಕೇಳಿದೆ. ತ್ರಿವೇಣಿ ನಿನ್ನ ಪಾಸ್‌ವರ್ಡಿನ ಹಂಗಿಲ್ಲದೆ, ಅದೇ ಪಟ್ಟಿಯಲ್ಲಿದ್ದ ರಿಕವರಿ ಎಂಬ ದಾರಿಯಿಂದ ಒಳಗೆ ಹೋದಳು. ಕರ್ನಲ್‌ಗಳನ್ನೂ ಅವುಗಳ ಗಂಟುಗಳನ್ನೂ ಇಡಲು ಡಿಸ್ಕಿನಲ್ಲಿ ಒಂದು ಸಣ್ಣ ಕೋಣೆ ಬೇರೆಯೇ ಇದೆ. ಅದರಲ್ಲಿ ಹಳೆಯವನ್ನು ತೆಗೆಯದೆ ಮೇಲೆ ಮೇಲೆ ಹೊಸದು ತುಂಬಿದ್ದರಿಂದ ಉಸಿರಾಡಲು ಜಾಗವಿರಲಿಲ್ಲ. ಕೊನೆಯ ಸಲ ಹೊಸ ಕರ್ನಲ್ ಹಾಕಿದಾಗ ಅದು ಮಾತ್ರ ಹೇಗೋ ತೂರಿಕೊಂಡಿದೆ, ಅದರ ಗಂಟು ಕಟ್ಟುವಷ್ಟರಲ್ಲಿ ಜಾಗ ತೀರಿದೆ. ಬ್ಯಾಟರಿ ಇರುವುದರಿಂದ ಕರೆಂಟು ಹೋದರೂ ನಮ್ಮ ಯಂತ್ರ ಆರುವುದಿಲ್ಲ, ಅದು ಆರದೆ ಇರುವವರೆಗೂ ಇದು ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ಎದ್ದು ಕೂತವನಿಗೆ ಬುತ್ತಿ ಬೇಕಿಲ್ಲ. ಆರಿಸಿ ಎಬ್ಬಿಸಿದ ದಿನವೇ ಗೊತ್ತಾಗುವುದು. ಯಾವತ್ತು ಹಾಕಿದ್ದು ಎಂದು ಕೇಳಿದೆ. ಯಂತ್ರ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದಂತೆ, ಯಾರು, ಯಾವ ತಾರೀಖು, ಎಷ್ಟು ಗಂಟೆ ಎಂದು. ತ್ರಿವೇಣಿ ಓದಿದಳು. ಹದಿನಾರನೇ ಜನವರಿ, ಸಂಜೆ ನಾಲ್ಕು ಹನ್ನೆರಡು, ಹಾಕಿಸಿದವರು ಶಂಭು. ಅದರ ಕೆಳಗೆ, ಜಾಗ ಉಳಿದಿಲ್ಲ, ಕೆಲಸ ಪೂರ್ತಿಯಾಗಿಲ್ಲ ಎಂಬ ಸಾಲು. ಅವಳು ಪರದೆ ನೋಡುತ್ತಾ ಕೂತಳು. ಅವಳಿಗೆ ನಿನ್ನ ಹೆಸರು ಗೊತ್ತು.

ನೀನು ಸಂಕ್ರಾಂತಿಗೆ ಬಂದಿದ್ದೆ. ಹದಿನಾರರ ಸಂಜೆ ಕಾಟಾದ ಕೋಣೆಯಲ್ಲಿ ಕೂತಿದ್ದೆ, ನಾನೇ ಎಳ್ಳುಹೋಳಿಗೆ ತಂದುಕೊಟ್ಟಿದ್ದೆ. ಹದಿನೇಳರ ಬೆಳಿಗ್ಗೆ ಹೊಸಪೇಟೆ ಸ್ಟೇಷನ್ನಿಗೆ ಹೊರಡುವ ಮುಂಚೆ ಆ ಕೆಂಪು ಪೆನ್ನಿನ ಚೀಟಿ ಹಚ್ಚಿದೆ, ಗೋಂದು ಕೇಳಿದ್ದು ನಿಮ್ಮಪ್ಪನ ಹತ್ತಿರವೇ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಅಂಥ ಚೀಟಿ ಇರಲಿಲ್ಲ. ಗಣಿಯಲ್ಲಿ ನಿನ್ನ ಕೆಲಸವೇ ಇಂಥ ಕಾಟಾಗಳ ಕಂಪ್ಯೂಟರ್ ನೋಡಿಕೊಳ್ಳುವುದು. ಅಲ್ಲಿ ಹೀಗೆ ನಿಂತರೆ ಮೇಲಿನವರಿಗೆ ಹೆಂಡತಿಯ ಕೈಗುಣ ಎಂದು ಹೇಳುತ್ತೀಯಾ? ಸಾಲು ಕೆಳಗೆ ಒತ್ತು ಎಂಬ ಒಂದು ಮಾತನ್ನು ದಶಮಿಯ ಬೆಳಿಗ್ಗೆ ಅವಳಿಗೆ ಹೇಳಿದ್ದರೆ ಗವಿಸಿದ್ದಪ್ಪನ ಲಾರಿ ಹಾಸಿನ ಮೇಲಿರುವಾಗಲೇ ಎಲ್ಲ ಮುಗಿಯುತ್ತಿತ್ತು. ಹೇಳಲಿಲ್ಲ. ಯಾರೂ ಮುಟ್ಟಬೇಡಿ, ದೀಪಾವಳಿಗೆ ಬಂದು ನಾನೇ ನೋಡುತ್ತೇನೆ ಎಂದೆ. ಬಂದು, ಬಾಗಿಲು ಹಾಕಿಕೊಂಡು, ಐದು ನಿಮಿಷದಲ್ಲಿ ಎಬ್ಬಿಸಿ, ಬೆವರು ಒರೆಸಿಕೊಂಡು ಹೊರಗೆ ಬರುತ್ತಿದ್ದೆ. ನಾನು ನಿನಗೆ ಆರತಿ ಎತ್ತುತ್ತಿದ್ದೆ. ಅವಳು ಕಂಪ್ಲಿಯಲ್ಲಿ ಕೆಟ್ಟ ಕೈಯವಳಾಗಿಯೇ ಉಳಿಯುತ್ತಿದ್ದಳು. ಇಂಥದ್ದನ್ನು ನೀನು ಯಾರಿಂದ ಕಲಿತೆ ಎಂದು ಬಹಳ ಯೋಚಿಸಿದೆ. ದೀಪಕ್ಕೆ ಎಣ್ಣೆ ಹಾಕಲು ತಿರುಗಿದವಳ ಮಗನಲ್ಲವೇ ನೀನು, ದೂರ ಹುಡುಕಬೇಕಿಲ್ಲ. ಆದರೆ ನನ್ನ ತಪ್ಪು ನಿನಗೆ ರಿಯಾಯಿತಿ ಎಂದು ತಿಳಿಯಬೇಡ.

ಹಳೆಯ ಕರ್ನಲ್‌ಗಳನ್ನು ತೆಗೆಸಿ, ಜಾಗ ಮಾಡಿ, ಹೊಸದಕ್ಕೆ ಗಂಟು ಕಟ್ಟಿಸಿಯಾಯಿತು. ತ್ರಿವೇಣಿ ನನ್ನ ಕೈಯಿಂದಲೇ ಮೂರು ಸಲ ಆರಿಸಿ ಮೂರು ಸಲ ಎಬ್ಬಿಸಿದಳು. ಚೀಟಿ ಕಿತ್ತು ಒಲೆಗೆ ಹಾಕಿದ್ದೇನೆ. ಬುಧವಾರ ಲಾರಿಗಳು ಬಂದವು. ಗವಿಸಿದ್ದಪ್ಪನೂ ಬಂದ, ಅವನ ಜೊತೆ ಅವತ್ತು ಕಿಟಕಿಯಲ್ಲಿ ನಿಂತವರು ಇಬ್ಬರು. ನಾನು ಹೊರಗೆ ಬಂದು ಹಾಸಿನ ಮೇಲೆ ನಿಂತು, ಆರಿಸು ಎಂದವಳು ನಾನು, ಕೆಡಿಸಿದ್ದು ನನ್ನ ಮಗ, ಅದೂ ಜನವರಿಯಲ್ಲಿ, ಸೊಸೆ ಮಾಡಿದ್ದು ಹೇಳಿದ ಕೆಲಸ ಅಷ್ಟೇ ಎಂದು ಕೇಳುವಂತೆ ಹೇಳಿದೆ. ಗವಿಸಿದ್ದಪ್ಪ ತಲೆ ಕೆರೆದುಕೊಂಡು "ಹಂಗಾರ ಕೈಗುಣ ನಿಮ್ದ ಆತೇನ್ರಿ ಅಮ್ಮಾರ?" ಎಂದ. ಹೌದು ಎಂದೆ. ನಗುತ್ತಾನೆ ಎಂದುಕೊಂಡೆ, ನಗಲಿಲ್ಲ. ಆ ಮಾತನ್ನು ನಾನು ಎಲ್ಲೆಲ್ಲಿ ಹೇಳಿದ್ದೇನೋ ಅಲ್ಲೆಲ್ಲ ಹೋಗಿ ವಾಪಸು ತೆಗೆದುಕೊಳ್ಳುತ್ತೇನೆ ಎಂದ. ನಿನಗಿಂತ ಅವನು ವಾಸಿ.

ನಿನ್ನೆ ಗುರುವಾರ ನಾನು ಒಬ್ಬಳೇ ಹೊಸಪೇಟೆಗೆ ಹೋಗಿ ಕಂಪ್ಲಿ ಬಸ್ಸು ಹಿಡಿದೆ. ಅವಳನ್ನು ಕರೆದುಕೊಂಡೇ ಬರುತ್ತೇನೆ ಎಂದು ನಿಮ್ಮಪ್ಪನಿಗೆ ಹೇಳಿ, ಎರಡು ಹೂವಿನ ಮಾಲೆ ಬೇರೆ ತೆಗೆದುಕೊಂಡಿದ್ದೆ. ಜಡೆಪ್ಪನವರು "ಬರ್ರಿ ಬೀಗ್ತೆರ, ಕುಂದ್ರಿ" ಎಂದರು, ಮರ್ಯಾದೆಗೆ ಒಂದು ಗುಂಜಿ ಕಡಿಮೆ ಮಾಡಲಿಲ್ಲ. ನಾನು ನಡೆದದ್ದನ್ನೆಲ್ಲ ಹೇಳಿದೆ, ಬುತ್ತಿಯದ್ದೂ ತಾರೀಖಿನದ್ದೂ. ಸೌಜನ್ಯ ಬಾಗಿಲ ಬಳಿ ನಿಂತು ಪೂರ್ತಿ ಕೇಳಿದಳು. ನಡುವೆ ಒಂದೇ ಪ್ರಶ್ನೆ ಕೇಳಿದಳು, ಹಳೆಯ ಕರ್ನಲ್ ಒಂದನ್ನಾದರೂ ಉಳಿಸಿದ್ದೀರಾ ಎಂದು. ಉಳಿಸಿದ್ದೇವೆ ಎಂದೆ. ಒಳ್ಳೆಯದಾಯಿತು ಎಂದಳು. ನಿನಗಿಂತ ಅವಳಿಗೆ ಆ ಯಂತ್ರದ ಮೇಲೆ ಕಾಳಜಿ ಹೆಚ್ಚು. ಆಮೇಲೆ ಜಡೆಪ್ಪನವರು "ನಾಕ ಮಂದಿ ಮುಂದ ಅಂದ ಮಾತು, ನಾಕ ಮಂದಿ ಮುಂದ ತಗೀಬೇಕ್ರಿ. ನೀವು ನಿಮ್ಮ ಮಾತು ತಗದೀರಿ. ಅವರ ಮಾತು ಇನ್ನೂ ಅಲ್ಲೇ ಐತಿ" ಎಂದರು. ಎದ್ದು ಸೌಜನ್ಯಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. "ಅತ್ತೀ, ಅವರು ಬೈದದ್ದು ಇರ್ಲಿ. ನೀವು ಅಲ್ಲೇ ನಿಂತಿದ್ರಿ" ಎಂದಳು ಮೆಲ್ಲಗೆ, ಅಪ್ಪನಿಗೆ ಕೇಳದ ಹಾಗೆ. ಐವತ್ತು ವರ್ಷದಲ್ಲಿ ಎಷ್ಟೋ ಜನ ನನಗೆ ಎಷ್ಟೋ ಅಂದಿದ್ದಾರೆ, ನಿಮ್ಮಜ್ಜಿ ಏನು ಕಡಿಮೆ ಅಂದವರಲ್ಲ. ಯಾವುದೂ ಇಷ್ಟು ಒಳಗೆ ಇಳಿದಿರಲಿಲ್ಲ. ತಪ್ಪಾಯಿತು ತಾಯಿ ಎಂದೆ, ಕಿರಿಯಳ ಮುಂದೆ ತಲೆ ಬಾಗಿಸುತ್ತಿದ್ದೇನೆ ಎನ್ನಿಸಲಿಲ್ಲ. ಊಟ ಬಡಿಸಿದಳು, ಬಸ್ ಸ್ಟ್ಯಾಂಡಿನವರೆಗೆ ಬಂದು ಹತ್ತಿಸಿದಳು. ಮಾಲೆಗಳಲ್ಲಿ ಒಂದನ್ನು ಮುಡಿಸಿ ಬಂದೆ. ಇನ್ನೊಂದು ಮನೆಗೆ ಬರುವಷ್ಟರಲ್ಲಿ ಬಾಡಿತು.

ಇನ್ನು ಬರೆದರೆ ಬೈಗುಳ ಬರುತ್ತದೆ, ನಾಲಗೆ ಹೊಲಸು ಮಾಡಿಕೊಂಡು ಸಂಜೆಯ ಪೂಜೆಗೆ ಕೂರಲಾರೆ. ಪಂಪಾಪತಿ ನಿನಗೆ ಆಯುಷ್ಯ ಕೊಡಲಿ, ಕೆಮ್ಮು ವಾಸಿ ಮಾಡಲಿ, ಮಾಡಿದ್ದನ್ನು ಮಾಡಿದೆ ಎನ್ನುವ ಧೈರ್ಯವನ್ನೂ ಕೊಡಲಿ. ಮೊದಲಿನ ಎರಡಕ್ಕೆ ದಿನಾ ಬೇಡುತ್ತಿದ್ದೆ, ಮೂರನೆಯದನ್ನು ಈ ವಾರ ಸೇರಿಸಿದ್ದೇನೆ. ನಿಮ್ಮಪ್ಪ ಆಶೀರ್ವಾದ ತಿಳಿಸು ಎಂದರು, ತಿಳಿಸಿದ್ದೇನೆ.

ನಿನ್ನ ತಾಯಿ,
ನೀಲಗಂಗಮ್ಮ

ತಾ.ಕ.: ಲಕೋಟೆ ಅಂಟಿಸುವಾಗ ನೆನಪಾಯಿತು, ಬೈಯುವ ಭರದಲ್ಲಿ ಇದನ್ನೇ ಬಿಟ್ಟಿದ್ದೆ. ಟಪಾಲಿನವರು ಚೀಲ ಕಟ್ಟುತ್ತಿದ್ದಾರೆ, ಅಂಚೆ ಕಚೇರಿಯ ಮೇಜಿನ ಮೇಲೆಯೇ ಬರೆಯುತ್ತಿದ್ದೇನೆ. ನಿನ್ನೆ ಬಸ್ಸು ಹೊರಡುವಾಗ ಸೌಜನ್ಯ ಕಿಟಕಿಯ ಹತ್ತಿರ ಬಂದು ಹೇಳಿದ ಮಾತು ಇದು, ಒಂದಕ್ಷರ ಬದಲಿಸಿಲ್ಲ. "ಜಾಗ ಇಲ್ಲ ಅಂತ ಬಂದ ಸಾಲು ಅವರು ಅವತ್ತು ನೋಡಿದ್ರೋ ಇಲ್ಲೋ, ಅಷ್ಟ ಹೇಳ್ಲಿ. ನೋಡಿಲ್ಲ ಅಂದ್ರ ನಾನ ಬರ್ತೀನಿ, ಯಾರೂ ಕರಿಯಾಕ ಬರೂದು ಬ್ಯಾಡ. ನೋಡಿದ್ರ ಅವರ ಬರ್ಲಿ." ನೋಡಿಲ್ಲ ಎಂದು ಬರೆಯುವುದು ನಿನಗೆ ಒಂದು ಸಾಲಿನ ಕೆಲಸ. ಬರೆದರೆ ಅವಳು ನಂಬಿ ಮರುದಿನವೇ ಚೀಲ ಹಿಡಿದು ಬರುತ್ತಾಳೆ, ನಾನು ತಡೆಯುವುದಿಲ್ಲ. ಹಾಗೆ ಬಂದವಳ ಎದುರು ಕೂತು ದೀಪಾವಳಿಯ ಹೋಳಿಗೆ ತಿನ್ನಲು ನಿನ್ನಿಂದ ಆಗುತ್ತದೆಯೋ ನೋಡಿಕೊಂಡು ಬರೆ. ಉತ್ತರ ನನಗೆ ಬೇಡ. ಕಂಪ್ಲಿಯ ವಿಳಾಸ ಲಕೋಟೆಯ ಹಿಂದೆ ಬರೆದಿದ್ದೇನೆ.